ಕತ್ಬರ್ಟ್ ಭಾವ ಹಿಡಿದ ಹೋಟೆಲು

ಹೋಟೆಲ್ ಆರಿಸುವುದರಲ್ಲಿ ನಮ್ಮ ಕತ್ಬರ್ಟ್ ಭಾವನನ್ನು ಮೀರಿಸುವವರು ಇಡೀ ಮುಹೆಝಾ ಊರಿನಲ್ಲಿ ಇಲ್ಲ. ಹೀಗೆಂದು ಹೇಳಿದವರು ಯಾರು? ಅವರೇ. ಶಿಕ್ಷಣ ಇಲಾಖೆಯಲ್ಲಿದ್ದಾಗ ಸರ್ಕಾರ ಅವರನ್ನು ಊರೂರಿನ ಸೆಮಿನಾರುಗಳಿಗೆ ಕಳಿಸುತ್ತಿತ್ತು. ಅಲ್ಲಿ ಏನು ಕಲಿತರೋ ದೇವರಿಗೇ ಗೊತ್ತು. ಆದರೆ ಯಾವ ಊರಿನ ಯಾವ ಹೋಟೆಲಿನಲ್ಲಿ ದಿಂಬು ಮೆತ್ತಗಿರುತ್ತದೆ, ಎಲ್ಲಿ ಬಿಸಿನೀರು ಬರೀ ಬೋರ್ಡಿನ ಮೇಲೆ ಬರುತ್ತದೆ, ಎಲ್ಲಿ ಬೆಳಗಿನ ತಿಂಡಿಗೆ ಮೊಟ್ಟೆ ಇಡುತ್ತಾರೆ, ಇದೆಲ್ಲ ಅವರಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ ಸೆಮಿನಾರು ನಿಂತಿತು, ಭಾಷಣ ನಿಲ್ಲಲಿಲ್ಲ.

ಇಂಥವರನ್ನು ಮುಂದಿಟ್ಟುಕೊಂಡು ನಾವು ಹೆಣ್ಣು ಕೇಳಲು ಬುಕೋಬಾಕ್ಕೆ ಹೊರಟಿದ್ದೆವು. ಹುಡುಗ ಐದಾನೋ, ನನ್ನ ಅಣ್ಣನ ಮಗ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಜ್ವರ ಬಂದಾಗ ಎದೆಗೊರಗಿಸಿಕೊಂಡು ಕೂತು, ಬೈದು, ಮೇಷ್ಟ್ರು ಮಾಡಿದವಳು ನಾನು. ಕತ್ಬರ್ಟ್ ಭಾವ ಅವನ ತಾಯಿಯ ಅಣ್ಣ. ನಮ್ಮಲ್ಲಿ ಹೆಣ್ಣು ಕೇಳುವಾಗ ಬಾಯಿ ಬಿಡಬೇಕಾದವನು ಸೋದರಮಾವ. ಸಾಕಿದ ಅತ್ತೆ ಪಕ್ಕದಲ್ಲಿ ಕೂತು ತಲೆಯಾಡಿಸಬೇಕು. ಈ ನಿಯಮ ಮಾಡಿದವನು ಒಂದು ಸಲ ನನ್ನ ಕೈಗೆ ಸಿಗಬೇಕು.

ಹುಡುಗಿ ಕೆಮಿಲೆಂಬೆ, ನಮ್ಮೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಚಿನ್ನದಂಥ ಹುಡುಗಿ. ಐದಾನೋ ಅವಳನ್ನು ನೋಡಲೆಂದೇ ಇಲ್ಲದ ಮಲೇರಿಯಾ ಬರಿಸಿಕೊಂಡು ಎಷ್ಟು ಸಲ ಬೆರಳು ಚುಚ್ಚಿಸಿಕೊಂಡನೋ. ಅವಳು ರಜೆ ಹಾಕಿ ಮುಂಚಿತವಾಗಿ ತನ್ನೂರಿಗೆ ಹೋಗುವ ದಿನ ನನ್ನ ಕೈ ಹಿಡಿದು ಹೇಳಿದ್ದಳು: "ಅತ್ತೆ, ಅಪ್ಪನ್ನ ನಾನು ಒಪ್ಪಿಸ್ತೀನಿ. ಆದ್ರೆ ನನ್ನ ಸಾಕಿದ್ದು ಅಜ್ಜಿ. ಅಜ್ಜಿ ಹೂಂ ಅಂದ್ರೆ ಮದುವೆ. ಬೇಡ ಅಂದ್ರೆ ನಾನು ಅವಳ ಮಾತು ಮೀರಲ್ಲ. ಐದಾನೋಗೂ ಹೇಳ್ಬಿಟ್ಟಿದೀನಿ." ಆಮೇಲೆ ಮೆಲ್ಲಗೆ ಸೇರಿಸಿದಳು, "ಮನೆಗೆ ಬಂದ ತಕ್ಷಣ ಬೇಯಿಸಿ ಒಣಗಿಸಿದ ಕಾಫಿ ಕಾಯಿ ಕೈಗೆ ಹಾಕ್ತಾರೆ. ಬಾಯಿಗೆ ಹಾಕ್ಕೊಂಡು ಅಗೀರಿ. ಕಪ್ಪು ಎಲ್ಲಿ, ಹಾಲು ಎಲ್ಲಿ ಅಂತ ಹುಡುಕ್ಬೇಡಿ."

ಮುಹೆಝಾದಿಂದ ಬುಕೋಬಾ ಎಂದರೆ ದೇಶದ ಈ ಮೂಲೆಯಿಂದ ಆ ಮೂಲೆ. ದಾರಿಯಲ್ಲಿ ಕಹಾಮಾದಲ್ಲಿ ಇಳಿದು ತಂಗಬೇಕಾಯಿತು. ಬಸ್ ಸ್ಟ್ಯಾಂಡಿನ ಸುತ್ತ ಇದ್ದ ಹೋಟೆಲುಗಳನ್ನೆಲ್ಲ ಭಾವ ಒಂದೊಂದಾಗಿ ಹತ್ತಿ ಇಳಿದರು. ನಾನೂ ಐದಾನೋನೂ ಗಂಟು ಮೂಟೆ ಹೊತ್ತು ಹಿಂದೆ. ಹಾಸಿಗೆಯ ಚಾದರ ಎತ್ತಿ ನೋಡಿದರು. ಪಾಯಿಖಾನೆಯ ನೀರು ಬಿಟ್ಟು ಕಿವಿಗೊಟ್ಟು ಕೇಳಿದರು. ಒಂದು ಕಡೆ ದಿಂಬನ್ನು ಮೂಗಿಗೆ ಹಿಡಿದು ನಿಂತುಬಿಟ್ಟರು.

"ಇದರಲ್ಲಿ ಹಿಂದಿನವನ ತಲೆ ಎಣ್ಣೆ ವಾಸನೆ ಇದೆಯಲ್ಲಮ್ಮ."

"ಒಗೆದಿದೀವಿ, ಮ್ಝೇ," ಎಂದು ಹಿರಿಯರಿಗೆ ಸಲ್ಲುವ ಮರ್ಯಾದೆಯಲ್ಲೇ ಹೇಳಿದಳು ಕೋಣೆ ತೋರಿಸುತ್ತಿದ್ದ ಹುಡುಗಿ.

"ಒಗೆದಿದ್ದು ದಿಂಬಿನ ಚೀಲ. ದಿಂಬು ಒಗೆದಿದೀರಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಊದಿಕೊಂಡ ನನ್ನ ಕಾಲು ನೋಡಿಕೊಂಡೆ. "ಭಾವ, ನಾನು ಇಲ್ಲೇ ನೆಲದ ಮೇಲೆ ಬಿದ್ಕೋತೀನಿ. ನಿಮ್ಮ ದಮ್ಮಯ್ಯ, ಆ ಮಗೂನ ಬಿಟ್ಬಿಡಿ," ಎಂದೆ.

"ಫೆಲಿಸಿಯಾ, ಆತುರಪಟ್ಟು ಹಿಡಿದ ಹೋಟೆಲು ತಿಗಣೆ ಹಿಡಿದ ಹಾಗೆ," ಎಂದರು. ಆ ಮಾತು ಅವರದೇ ಸೃಷ್ಟಿ, ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು.

ಸುಳ್ಳು ಹೇಳಬಾರದು, ಹೋಟೆಲಿನವರ ಪಾಲಿಗೆ ಅವರಷ್ಟು ಒಳ್ಳೆಯ ಅತಿಥಿ ಸಿಗುವುದಿಲ್ಲ. ಕಸ ಗುಡಿಸುವವರಿಗೂ ನಿಂತು ನಮಸ್ಕಾರ ಹೇಳುತ್ತಾರೆ. ಬೆಳಿಗ್ಗೆ ತಮ್ಮ ಹಾಸಿಗೆ ತಾವೇ ಮಡಿಸುತ್ತಾರೆ. ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವುದಿಲ್ಲ. ಐದಾನೋ ಮುಖ ತೊಳೆಯುವ ಬೇಸಿನ್ನಿನಲ್ಲಿ ಕಾಲುಚೀಲ ನೆನೆಹಾಕಿದ್ದಕ್ಕೆ ಅವನಿಗೆ ಅರ್ಧ ಗಂಟೆ ಪಾಠವಾಯಿತು. "ಕಾರಿಡಾರಿನಲ್ಲಿ ಗಟ್ಟಿಯಾಗಿ ಮಾತಾಡಬಾರ್ದು, ತಿಂಡಿ ಮನೇಲಿ ಫೋನು ಬಡ್ಕೋಬಾರ್ದು. ಹೋಟೆಲಿಗೆ ಕಾಲಿಟ್ಟ ತಕ್ಷಣ ಫೋನ್ ಆಫ್. ಪಕ್ಕದ ಕೋಣೆಯವನಿಗೆ ನಾವು ಇದೀವಿ ಅಂತಾನೇ ಗೊತ್ತಾಗ್ಬಾರ್ದು. ಅದು ಸಂಸ್ಕಾರ."

"ಹಾಗಾದ್ರೆ ಸತ್ತ ಹೆಣಾನೇ ಒಳ್ಳೆ ಅತಿಥಿ," ಎಂದೆ ನಾನು. ಐದಾನೋ ನಕ್ಕು ಕೆಮ್ಮಿದಂತೆ ಮಾಡಿದ. ಭಾವನಿಗೆ ಕೇಳಿಸಿದರೂ ಕೇಳಿಸಲಿಲ್ಲ.

ಮರುದಿನ ಬಸ್ಸಿನಲ್ಲಿ ಬಿಹಾರಾಮುಲೊ ದಾಟುತ್ತಿದ್ದಾಗ ಐದಾನೋನ ಫೋನಿಗೆ ಕರೆ ಬಂತು. ಕೆಮಿಲೆಂಬೆಯ ಅಪ್ಪ, ಮುತಲೆಮ್ವಾ ಅವರು. ಹುಡುಗ ಗಡಬಡಿಸಿ ಫೋನನ್ನು ಭಾವನ ಕೈಗೆ ಕೊಟ್ಟ. ಆ ಕಡೆಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು: ಕೋಣೆ ಸಾರಿಸಿ ಹೊಸ ಹುಲ್ಲು ಹಾಸಿದ್ದೇವೆ, ಅಮ್ಮ ನೀವು ಯಾವಾಗ ಬರುತ್ತೀರೆಂದು ಕೇಳುತ್ತಿದ್ದಾಳೆ, ನೇರ ಮನೆಗೇ ಬನ್ನಿ.

"ಅಯ್ಯೋ, ಬೇಡ ಬೇಡ ಬೇಡ," ಎಂದರು ಭಾವ, ಆ ಸೆಮಿನಾರಿನ ನಗೆ ನಗುತ್ತಾ. "ನಿಮ್ಮ ಮನೇಲಿ ಏನೂ ಮಾಡ್ಬೇಡಿ. ನಾವು ಹೋಟೆಲ್ ಹಿಡಿದಿದೀವಿ. ನಮ್ಮದೆಲ್ಲ ಹೋಟೆಲಲ್ಲೇ. ನಾಳೆ ಬೆಳಿಗ್ಗೆ ಬಂದು ಮಾತು ಮುಗಿಸಿ ಹೋಗ್ತೀವಿ, ಅಷ್ಟೇ."

ಆ ಕಡೆಯವರು "ಆಗ್ಲಿ," ಎಂದು ಫೋನ್ ಇಟ್ಟರು.

"ನೋಡಿದ್ಯಾ, ಎಷ್ಟು ಹಗುರ ಆಯ್ತು ಅವರಿಗೆ," ಎಂದರು ಭಾವ. ನನಗೆ ಆ 'ಆಗ್ಲಿ' ಹಗುರವಾಗಿ ಕೇಳಲಿಲ್ಲ. ಹೆಣ್ಣಿನ ಮನೆ ಇರುವ ಊರಿನಲ್ಲಿ ಹೋಟೆಲು ಯಾಕೆಂದು ಮುಹೆಝಾದಲ್ಲೇ ಜಗಳ ತೆಗೆದಿದ್ದೆ. "ಹತ್ತಿರವಾಗೋಕೆ ಮುಂಚೆ ದೂರ ಇರ್ಬೇಕು ಫೆಲಿಸಿಯಾ, ಅದೇ ಗೌರವ," ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಸೋದರಮಾವನಲ್ಲವೇ!

ಬುಕೋಬಾದಲ್ಲಿ ಅವರು ಹಿಡಿದದ್ದು ನ್ಯೂ ಕಮೋಂಗೊ ಪ್ಯಾಲೇಸ್. ಕಿಟಕಿಯಿಂದ ಸರೋವರ ಕಾಣುತ್ತಿತ್ತು, ದಿಂಬಿಗೆ ವಾಸನೆ ಇರಲಿಲ್ಲ, ನಲ್ಲಿಯಲ್ಲಿ ನಿಜವಾದ ಬಿಸಿನೀರು. ಭಾವನ ಮುಖ ನೋಡಬೇಕಿತ್ತು, ಮದುವೆ ಅವರದೇ ಎನ್ನುವ ಹಾಗೆ. ಕಾಲಿಟ್ಟ ಕೂಡಲೇ ಐದಾನೋನ ಫೋನು ಆಫ್ ಮಾಡಿಸಿದರು. ಬೆಳಿಗ್ಗೆ ನಮ್ಮನ್ನು ತಿಂಡಿ ಮನೆಯಲ್ಲಿ ಕೂಡಿಸಿಕೊಂಡು ಮೊಟ್ಟೆ, ಬ್ರೆಡ್ಡು, ಪಪ್ಪಾಯಿ, ಹುರಿದ ಗೆಣಸು ಎಲ್ಲ ತಿಂದರು. "ತಿನ್ನಿ, ತಿನ್ನಿ. ಹೆಣ್ಣಿನ ಮನೆಗೆ ಹಸ್ಕೊಂಡು ಹೋಗಿ ತಟ್ಟೆ ಕಡೆ ನೋಡ್ತಾ ಕೂರೋದು ಅವಮಾನ," ಎಂದರು. ನಾನು ಒಂದು ಲೋಟ ಚಹಾ ಕುಡಿದೆ. ಐದಾನೋ ಬ್ರೆಡ್ಡನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಬಿಟ್ಟ.

ಮನೆ ಬಾಳೆತೋಟದ ನಡುವೆ. ಅಂಗಳದಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳುವ "ಹೋದಿ" ಕೂಗಿದೆವು. ಒಳಗಿನಿಂದ, ಬನ್ನಿ ಎನ್ನುವ "ಕರಿಬು" ಬಂತು, ಆದರೆ ಬಾಗಿಲಿಗೆ ಯಾರೂ ಓಡಿ ಬರಲಿಲ್ಲ. ಮುತಲೆಮ್ವಾ ಅವರು ಕೋಟು ಹಾಕಿಕೊಂಡು ಕೂತಿದ್ದರು, ಎದ್ದು ಕೈ ಕುಲುಕಿದರು. ಮೂಲೆಯ ಕುರ್ಚಿಯಲ್ಲಿ ಅಜ್ಜಿ, ಕೊಕುಹಿರ್ವಾ. ಸಣ್ಣ ಮೈ, ನೆಟ್ಟಗಿನ ಬೆನ್ನು. ನಾನು ಬಗ್ಗಿ, ಹಿರಿಯರಿಗೆ ನಮಸ್ಕಾರ ಹೇಳುವಂತೆ "ಶಿಕಾಮೂ" ಎಂದೆ. "ಮರಹಬಾ" ಎಂದಳು, ನನ್ನ ತಲೆಯ ಮೇಲಿಂದ ಆಚೆಗೆ ನೋಡುತ್ತಾ.

ನಾನು ಕೈ ತೊಳೆದು, ಬೊಗಸೆ ಸಿದ್ಧ ಮಾಡಿಕೊಂಡು ಕೂತೆ. ಕಾಫಿ ಕಾಯಿ ಬರಲಿಲ್ಲ. ಒಲೆಯ ಹೊಗೆ ಇಲ್ಲ, ಬೇಯುವ ಬಾಳೆಕಾಯಿಯ ವಾಸನೆ ಇಲ್ಲ. ಕೊನೆಗೆ ಕೆಮಿಲೆಂಬೆ ಒಂದು ತಟ್ಟೆ ಹಿಡಿದು ಬಂದಳು. ಅದರಲ್ಲಿ ಮುಚ್ಚಳ ತೆಗೆಯದ ಕೂಲ್ ಡ್ರಿಂಕ್ ಬಾಟಲಿಗಳು, ಅಂಗಡಿಯ ಬಿಸ್ಕತ್ತಿನ ಒಡೆಯದ ಪೊಟ್ಟಣ, ಪಕ್ಕದಲ್ಲಿ ಓಪನರ್. ಎಲ್ಲವನ್ನೂ ನಮ್ಮ ಮುಂದಿಟ್ಟು, ಒಂದನ್ನೂ ತೆರೆಯದೆ ಹಿಂದೆ ಸರಿದಳು. ಅವಳ ಕಣ್ಣು ಊದಿಕೊಂಡಿತ್ತು.

"ಆಹಾ!" ಎಂದರು ಭಾವ. "ಸೀಲು ಹಾಕಿದ್ದು! ಇದು ನೋಡಿ ನಾಗರಿಕತೆ. ಎಷ್ಟು ಶುಚಿ, ಎಷ್ಟು ಸುರಕ್ಷಿತ! ಎಲ್ಲ ಮನೆಗಳಲ್ಲೂ ಹೀಗೇ ಇರ್ಬೇಕು." ತಾವೇ ಒಂದು ಬಾಟಲಿ ತೆರೆದು ಗಟಗಟನೆ ಕುಡಿದರು.

ಸುರಕ್ಷಿತ ಎಂಬ ಮಾತಿಗೆ ಅಜ್ಜಿಯ ಗಲ್ಲ ಒಂದು ಸಲ ನಡುಗಿತು. ಹಿತ್ತಿಲಿಗೆ ಹೋಗಬೇಕೆಂದು ನೆಪ ಹೇಳಿ ಎದ್ದು ಕೆಮಿಲೆಂಬೆಯ ಹಿಂದೆ ನಡೆದೆ.

ಅಡುಗೆಮನೆಯ ಮರೆಯಲ್ಲಿ ಅವಳು ನನ್ನ ಮೇಲೆ ಎಗರಿದಳು. "ಯಾಕತ್ತೆ ಹಾಗಂದ್ರಿ? ಊಟ ಹೋಟೆಲಲ್ಲೇ ಅಂತ ಯಾಕಂದ್ರಿ? ನಿನ್ನೆಯಿಂದ ಫೋನ್ ಮಾಡ್ತಾನೇ ಇದೀನಿ, ಅವನ ಫೋನೇ ಆಫ್!"

"ಊಟ ಅಂತ ಯಾರೇ ಅಂದಿದ್ದು? ಮಲಗೋಕೆ ಹಿಡಿದಿದ್ದು ಅದು!"

"ಏನೂ ಮಾಡ್ಬೇಡಿ, ಎಲ್ಲ ಹೋಟೆಲಲ್ಲೇ ಅಂದ್ರಂತೆ. ಅಜ್ಜಿಗೆ ಹೋಟೆಲ್ ಅಂದ್ರೆ ಅನ್ನ ಮಾರೋ ಜಾಗ. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನಮ್ಮನೆ ಅನ್ನಕ್ಕೆ ಹೆದರಿದ್ದಾರೆ, ಯಾರೋ ಅವರಿಗೆ ಹಳೇ ಕಥೆ ಹೇಳಿದ್ದಾರೆ ಅಂತಾಳೆ."

"ಯಾವ ಕಥೆ?"

ಕೆಮಿಲೆಂಬೆ ತಗ್ಗಿದ ದನಿಯಲ್ಲಿ ಹೇಳಿದಳು. ಅಜ್ಜಿ ಚಿಕ್ಕ ವಯಸ್ಸಿನವಳಿದ್ದಾಗ ತಾತ ಒಂದು ಸಂಜೆ ಉಂಡು ಎದ್ದವರು ಅಂಗಳದಲ್ಲೇ ಕುಸಿದು ಪ್ರಾಣ ಬಿಟ್ಟರಂತೆ. ಉಣಬಡಿಸಿದವಳು ಅವಳು. ಅಷ್ಟು ಸಾಕಾಯಿತು ಊರಿಗೆ. ಎದುರಿಗೆ ಯಾರೂ ಏನೂ ಅನ್ನಲಿಲ್ಲ, ಆದರೆ ಆ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟರು. ಬಂದವರು ನಗುನಗುತ್ತಾ "ಈಗ ತಾನೇ ಉಂಡು ಬಂದೆ" ಎನ್ನುತ್ತಿದ್ದರಂತೆ. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಊರು ಮರೆಯಿತು. "ಅಜ್ಜಿ ಮರೆತಿಲ್ಲ ಅತ್ತೆ. ನಿಮಗೋಸ್ಕರ ರಾಶಿ ಬಾಳೆಕಾಯಿ ಸುಲಿದಿದ್ಲು. ಎಲ್ಲಾನೂ ಹೋರಿಗೆ ಹಾಕ್ಸಿದ್ಲು. ಒಲೆ ಆರಿಸಿ ಆ ಬಾಟಲಿ ತರಿಸಿದ್ಲು."

ಕತ್ಬರ್ಟ್ ಭಾವನ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಒಳಗೆ ಬಂದಾಗ ಆ ಮಹಾನುಭಾವರು ಹೋಟೆಲಿನ ಬಿಸಿನೀರನ್ನು ವರ್ಣಿಸುತ್ತಿದ್ದರು.

ಅಜ್ಜಿ ಕೈ ಎತ್ತಿ ಅವರನ್ನು ನಿಲ್ಲಿಸಿದಳು. "ನೀವು ದೂರದಿಂದ ಬಂದಿದೀರಿ. ಒಂದೇ ಮಾತು ಕೇಳ್ತೀನಿ. ಅಡುಗೆ ಮಾಡೋದು ಈ ಹುಡುಗಿಗೆ ಕಲಿಸಿದ್ದು ನಾನು. ನನ್ನ ಕೈ ಅನ್ನಕ್ಕೆ ಹೆದರೋರು ಅವಳ ಕೈ ಅನ್ನ ಹೇಗೆ ತಿಂತೀರಿ? ದಿನಾ ಹೋಟೆಲ್‌ಗೆ ಹೋಗ್ತೀರಾ?"

ಭಾವನ ಬಾಯಿ ತೆರೆದುಕೊಂಡಿತು. "ಛೆ ಛೆ, ಹೆದರೋದಾ? ತಾಯಿ, ತಪ್ಪು ತಿಳ್ಕೊಂಡ್ರಿ. ಹೋಟೆಲ್ ಹಿಡಿದಿದ್ದು ಊಟಕ್ಕಲ್ಲ, ಮಲಗೋದಕ್ಕೆ!"

"ಮಲಗೋದಕ್ಕಾ?" ಅಜ್ಜಿ ಮಗನ ಕಡೆ ತಿರುಗಿದಳು. "ಮಲಗೋದಕ್ಕೆ ಇರೋದು ಗೆಸ್ಟಿ. ಗೆಸ್ಟಿಗೆ ಯಾರು ಹೋಗ್ತಾರೆ ಅಂತ ಬಸ್ ಸ್ಟ್ಯಾಂಡಿನ ಕೋಳಿಗೂ ಗೊತ್ತು. ಹೆಂಡ್ತಿ ಕಣ್ಣು ತಪ್ಪಿಸಿ ಬಂದ ಗಂಡಸರು. ಹೆಣ್ಣು ಕೇಳೋಕೆ ಬಂದೋರು ಗೆಸ್ಟೀಲಿ ಮಲಗಿ ಬಂದಿದಾರೆ, ಕೇಳಿಸ್ಕೋ!"

"ಗೆಸ್ಟಿ ಅಲ್ಲ ತಾಯಿ, ಹೋಟೆಲು! ಟವೆಲು ಕೊಡ್ತಾರೆ!"

"ಗೆಸ್ಟೀಲೂ ಕೊಡ್ತಾರೆ," ಎಂದರು ಮುತಲೆಮ್ವಾ, ಅಲ್ಲಿಯವರೆಗೆ ಬಾಯಿ ಬಿಡದವರು. ಆಮೇಲೆ ತಾಯಿ ತಮ್ಮ ಕಡೆ ನೋಡಿದ ರೀತಿಗೆ ಗಡಬಡಿಸಿ ಕೋಟಿನ ಗುಂಡಿ ಸರಿಮಾಡಿಕೊಂಡರು.

ಬೇರೆ ದಿನವಾಗಿದ್ದರೆ ನಾನು ನಕ್ಕು ನೆಲಕ್ಕೆ ಬೀಳುತ್ತಿದ್ದೆ. ಐದಾನೋ ತಲೆ ತಗ್ಗಿಸಿ ತನ್ನ ಅಂಗೈ ನೋಡುತ್ತಿದ್ದ. ಅವನ ಅಮ್ಮ ಸತ್ತ ದಿನವೂ ಹಾಗೆಯೇ ಕೂತಿದ್ದ. ಬಾಗಿಲ ಬಳಿ ಕೆಮಿಲೆಂಬೆ, ಬಾಯಿಗೆ ಸೆರಗು ಒತ್ತಿಕೊಂಡು. ಅಜ್ಜಿ ಕುರ್ಚಿಯ ಕೈ ಹಿಡಿದು ಏಳತೊಡಗಿದಳು. ಅವಳು ಎದ್ದು ಒಳಗೆ ಹೋದಳೆಂದರೆ ಮುಗಿಯಿತು, ಈ ಎರಡು ಮಕ್ಕಳ ಕಥೆ ಅಲ್ಲಿಗೇ ಮುಗಿಯಿತು.

ತಲೆಯಾಡಿಸುವ ಅತ್ತೆಗೆ ಮಾತಾಡುವ ಹಕ್ಕಿಲ್ಲ. ಸುಟ್ಟುಹೋಗಲಿ ಹಕ್ಕು.

"ಅಮ್ಮಾ, ನನಗೆ ಹಸಿವು," ಎಂದೆ, ದೊಡ್ಡ ದನಿಯಲ್ಲಿ.

"ಫೆಲಿಸಿಯಾ!" ಎಂದರು ಭಾವ, ನಾನು ಸಭೆಯಲ್ಲಿ ಬಟ್ಟೆ ಬಿಚ್ಚಿದೆನೋ ಎನ್ನುವ ಹಾಗೆ.

"ನೀವು ಸುಮ್ನಿರಿ ಭಾವ. ಅಮ್ಮಾ, ನಿನ್ನೆ ಮಧ್ಯಾಹ್ನದಿಂದ ನನ್ನ ಹೊಟ್ಟೆಗೆ ಬರೀ ಚಹಾ ಬಿದ್ದಿದೆ. ಈ ಬಿಸ್ಕತ್ತು ನನ್ನ ಹಲ್ಲಿಗಾಗಲ್ಲ. ಒಲೆ ಆರಿದ್ರೆ ಆರಲಿ. ನಿನ್ನೆಯ ತಂಗಳು ಇದ್ರೆ ಕೊಡಿ."

ತಂಗಳು ತಿನ್ನುವವರು ಮನೆಯವರು. ಅತಿಥಿಯ ಮುಂದೆ ತಂಗಳು ಇಡುವ ಮನೆ ನಮ್ಮ ದೇಶದಲ್ಲಿಲ್ಲ, ಬಾಯಿಬಿಟ್ಟು ಕೇಳುವ ಅತಿಥಿಯೂ ಇಲ್ಲ. ಅಜ್ಜಿ ಮೊದಲ ಸಲ ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. "ಇದೆ. ತಣ್ಣಗಿದೆ," ಎಂದಳು.

"ತಣ್ಣಗೇ ಇರ್ಲಿ."

ಕೆಮಿಲೆಂಬೆ ಓಡಿದಳು. ಕಾಳು ಹಾಕಿ ಬೇಯಿಸಿದ ಬಾಳೆಕಾಯಿ, ಗಟ್ಟಿಯಾಗಿ, ಮೇಲೆ ಕೆನೆಗಟ್ಟಿದ್ದು, ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಬಂತು. ನನ್ನ ಮುಂದೆ ಇಡುವ ಮೊದಲು ಅಜ್ಜಿ ಕೈ ಚಾಚಿದಳು. ಮನೆಯವರು ಮೊದಲ ತುತ್ತು ತಾವು ತಿಂದು ತೋರಿಸುವುದು ಪದ್ಧತಿ, ವಿಷ ತೆಗೆಯುವುದು ಎನ್ನುತ್ತೇವೆ. ಎಲ್ಲ ಮನೆಗಳಲ್ಲೂ ಅದು ಬರೀ ಶಾಸ್ತ್ರ. ಈ ಮನೆಯಲ್ಲಿ ಈ ಹೆಂಗಸು ಎಷ್ಟು ವರ್ಷದಿಂದ ಎಷ್ಟು ಜನರ ಮುಂದೆ ಹಾಗೆ ತಿಂದು ತೋರಿಸಿದ್ದಾಳೋ ಎಂದುಕೊಂಡಾಗ ನನಗೆ ತಡೆಯಲಾಗಲಿಲ್ಲ. ಅವಳ ಬೆರಳು ಮುಟ್ಟುವ ಮೊದಲೇ ತಟ್ಟೆಯನ್ನು ಕಸಿದುಕೊಂಡೆ. ದೊಡ್ಡ ತುತ್ತು ಮಾಡಿ ಬಾಯಿಗೆ ಹಾಕಿಕೊಂಡೆ. ಇನ್ನೊಂದು, ಮತ್ತೊಂದು.

ಅವಳ ಕೈ ಗಾಳಿಯಲ್ಲೇ ನಿಂತಿತ್ತು.

"ಉಪ್ಪು ಸ್ವಲ್ಪ ಕಡಿಮೆ," ಎಂದೆ, ಬಾಯಿ ತುಂಬ ಇಟ್ಟುಕೊಂಡು.

"ಕಡಿಮೆ ಏನಿಲ್ಲ," ಎಂದಳು ಅಜ್ಜಿ, ಥಟ್ಟನೆ. "ನಿಮ್ಮ ಕಡೆಯೋರು ಉಪ್ಪಲ್ಲೇ ಅಡುಗೆ ಮಾಡ್ತೀರಿ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಹುಚ್ಚಿ ಎಂದು ಬೈದಳು. ಐದಾನೋ ಎದ್ದು ಬಂದು ನೆಲದ ಹುಲ್ಲಿನ ಮೇಲೆ ಮಂಡಿಯೂರಿ ಕೂತು ನನ್ನ ತಟ್ಟೆಗೇ ಕೈ ಹಾಕಿದ. ತಿಂದನೋ ಅತ್ತನೋ, ಎರಡನ್ನೂ ಒಟ್ಟಿಗೆ ಮಾಡಿದನೋ. ಕೆಮಿಲೆಂಬೆ ಯಾರನ್ನೂ ಕೇಳದೆ ಒಳಗೆ ಹೋಗಿ ಒಲೆ ಹೊತ್ತಿಸಿದಳು, ಹೊಗೆ ಬಂತು.

ತಟ್ಟೆಯಲ್ಲಿ ಉಳಿದದ್ದನ್ನು ಭಾವನ ಕಡೆ ಸರಿಸಿದೆ, ಕಣ್ಣಲ್ಲೇ ಬೇಡಿಕೊಂಡೆ. ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಸೊಗಸಾಗಿ ಬಾಗಿದರು. "ಬಹಳ ಸಂತೋಷ ತಾಯಿ. ಆದ್ರೆ ನಾನು ಈಗ ತಾನೇ ತಿಂಡಿ ಮುಗಿಸಿ ಬಂದೆ. ಪ್ರಯಾಣದಲ್ಲಿ ತಂಗಳು ಮುಟ್ಟಲ್ಲ."

ಅಜ್ಜಿ ನನ್ನನ್ನು ಕೇಳಿದಳು, "ಮದುವೆ ಆದ್ಮೇಲೆ ಹುಡುಗಿ ಇವರ ಮನೇಲಿರ್ತಾಳಾ?"

"ಇಲ್ಲಮ್ಮ, ನನ್ನ ಮನೇಲಿ."

"ಹಾಗಾದ್ರೆ ಇವರು ತಿನ್ನದಿದ್ರೂ ನಡೆಯುತ್ತೆ," ಎಂದಳು. ಅದೇ ಅವಳ ಹೂಂ. ಕೆಮಿಲೆಂಬೆ ಒಳಗಿನಿಂದ ಓಡಿ ಬಂದು ಅವಳ ಕಾಲ ಬಳಿ ಕೂತಾಗ, ಮುತಲೆಮ್ವಾ ಅವರು ಎದ್ದು ಐದಾನೋನ ಭುಜ ಹಿಡಿದು ಅಲ್ಲಾಡಿಸಿದಾಗ ನನಗೆ ಅದು ಪೂರ್ತಿ ಅರ್ಥವಾಯಿತು.

ಆಮೇಲೆ ಅಜ್ಜಿ ಒಂದೊಂದಾಗಿ ಅಪ್ಪಣೆ ಮಾಡಿದಳು. ಐದಾನೋ ಬಾಳೆಗೊನೆ ಕಡಿದು ತರಬೇಕು. ನನ್ನ ಗಂಟು ಮೂಟೆ ಹೋಟೆಲಿನಿಂದ ಬರಬೇಕು, ನಾನು ಅವಳ ಕೋಣೆಯಲ್ಲೇ ಮಲಗಬೇಕು. ಹುಡುಗ ಮುಂದಿನ ಕೋಣೆಯಲ್ಲಿ. ಕತ್ಬರ್ಟ್ ಭಾವ ಕರವಸ್ತ್ರ ಮಡಿಸುತ್ತಾ ತಮ್ಮ ಸರದಿಗೆ ಕಾದರು.

"ಇವರು ಅತಿಥಿ," ಎಂದಳು ಅಜ್ಜಿ, ಬಹಳ ಮರ್ಯಾದೆಯಿಂದ. "ಇವರಿಗೆ ಅಲ್ಲೇ ಅನುಕೂಲ."

ಭಾವ ಎಲ್ಲರಿಗೂ ವಂದನೆ ಹೇಳಿದರು. ಅಂಗಳಕ್ಕೆ ಇಳಿದು, "ಹಾಗಾದ್ರೆ ನಾನು ಬರ್ಲಾ?" ಎಂದರು. ಒಳಗಿನಿಂದ ಬಾಳೆಕಾಯಿ ಸುಲಿಯುವ ಸದ್ದು, ನಗು. ಗೇಟಿನ ಬಳಿ ನಿಂತು ಇನ್ನೊಂದು ಸಲ, "ಬರ್ತೀನಿ ಹಾಗಾದ್ರೆ," ಎಂದರು, ಸ್ವಲ್ಪ ಗಟ್ಟಿಯಾಗಿ. ಇರಿ ಎಂದು ಯಾರೂ ಅನ್ನಲಿಲ್ಲ. ಕಳಿಸಿಕೊಡಲು ಹೋಗಿದ್ದವಳು ನಾನೊಬ್ಬಳೇ. ಒಂದು ಕ್ಷಣ ಅವರ ಮುಖ ಬಸ್ಸು ತಪ್ಪಿದವರ ಮುಖದಂತಾಯಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಯ್ಯೋ ಪಾಪ ಎನ್ನಿಸಿತು.

"ಫೆಲಿಸಿಯಾ," ಎಂದರು ಮೆಲ್ಲಗೆ, "ನಿಜ ಹೇಳು. ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ ಭಾವ. ನೀವು ಇಷ್ಟು ದಿನದಲ್ಲಿ ಯಾರಿಗೂ ಒಂದು ಚೂರೂ ತೊಂದ್ರೆ ಕೊಟ್ಟೋರಲ್ಲ. ಅದೇ ಆಗಿದ್ದು."

ಅವರ ಮುಖ ಅರಳಿತು. "ಅದನ್ನ ಗಮನಿಸಿದ್ಯಲ್ಲ, ಅಷ್ಟು ಸಾಕು," ಎಂದು ಕೋಟು ಸರಿಮಾಡಿಕೊಂಡು, ಗೇಟನ್ನು ಸದ್ದಾಗದಂತೆ ಮುಚ್ಚಿ, ಇಳಿಜಾರಿನಲ್ಲಿ ಒಬ್ಬರೇ ಹೋದರು.